ಯಾರಿಗೆ ಸೇರಿದವಳು: ಪಂಡಿತಾ ರಮಾಬಾಯಿ ಮತ್ತು ಬದುಕಿನ ಅರ್ಥದ ಪ್ರಶ್ನೆ

ಸಭೆಯಲ್ಲಿರುವ ಹಿರಿಯರಿಗೂ ಆತ್ಮೀಯರಿಗೂ ವಂದನೆಗಳು.

ಸಂಘಟಕರು ನನಗೆ ಒಪ್ಪಿಸಿರುವ ವಿಷಯ ‘ಕ್ರೈಸ್ತ ನಂಬಿಕೆಯಲ್ಲಿ ಬದುಕಿನ ಅರ್ಥ ಮತ್ತು ಗುರಿ’. ಇಂಥ ವಿಷಯವನ್ನು ಬರಿಯ ತತ್ತ್ವವಾಗಿ ವಿವರಿಸಲು ಹೊರಟರೆ ಮಾತಾಡುವವನಿಗೆ ತಾನು ಎಲ್ಲವನ್ನೂ ಬಲ್ಲೆ ಎಂಬ ಭ್ರಮೆ ಹುಟ್ಟುತ್ತದೆ, ಕೇಳುವವರಿಗೆ ನಿದ್ದೆ ಬರುತ್ತದೆ. ಆದ್ದರಿಂದ ಈ ಪ್ರಶ್ನೆಯನ್ನು ಹೊತ್ತುಕೊಂಡು ಕಾಲ್ನಡಿಗೆಯಲ್ಲೇ ಸಾವಿರಾರು ಮೈಲಿ ಸುತ್ತಿದ, ಉತ್ತರ ಸಿಕ್ಕಿತೆಂದು ಹೇಳಿದ ಮೇಲೂ ಆ ಉತ್ತರದೊಡನೆ ಜಗಳವಾಡುತ್ತಲೇ ಇದ್ದ ಒಬ್ಬ ಹೆಣ್ಣುಮಗಳ ಬದುಕನ್ನು ಮುಂದಿಟ್ಟುಕೊಂಡು ಮಾತಾಡುತ್ತೇನೆ. ಆಕೆ ಪಂಡಿತಾ ರಮಾಬಾಯಿ. ಪುಣೆ, ಕೇಡಗಾಂವ್‌ಗಳ ಜೊತೆಗೆ ಹೆಸರು ಬೆಸೆದುಕೊಂಡಿರುವುದರಿಂದ ನಾವು ಅವರನ್ನು ಮಹಾರಾಷ್ಟ್ರದವರೆಂದೇ ಎಣಿಸುತ್ತೇವೆ. ಆದರೆ ಅವರು ಹುಟ್ಟಿದ ಡೋಂಗ್ರೆ ಮನೆತನ ಕಾರ್ಕಳದ ಮಾಳ ಸೀಮೆಯ ಚಿತ್ಪಾವನ ಬ್ರಾಹ್ಮಣ ಮನೆತನ. ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ.

ನಮ್ಮ ಕರಾವಳಿಯಲ್ಲಿ ಇಂಥ ಹುಡುಕಾಟದ ಬೇರೆ ಉದಾಹರಣೆಗಳೂ ಇವೆ. 1844ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರಿಂದ ದೀಕ್ಷಾಸ್ನಾನ ಪಡೆದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರ ಕಥೆಯನ್ನು ನಮ್ಮ ಸಭೆಗಳಲ್ಲಿ ಆಗಾಗ ಹೇಳುತ್ತೇವೆ. ಆದರೂ ರಮಾಬಾಯಿಯವರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ತಮ್ಮ ಒಳಗಿನ ಪಯಣವನ್ನು ಅವರು ತಾವೇ ಬರೆದಿಟ್ಟರು. ಸ್ನೇಹಿತರಿಗೂ ಗುರುಗಳಿಗೂ ಬರೆದ ಪತ್ರಗಳಲ್ಲಿ ತಮ್ಮ ಸಂಶಯಗಳನ್ನು ಮುಚ್ಚಿಡಲಿಲ್ಲ. ಮತ್ತು ಅವರ ಕಥೆ ಯಾವ ಪಕ್ಷಕ್ಕೂ ಪೂರ್ತಿ ಅನುಕೂಲವಾಗಿಲ್ಲ. ಮತಾಂತರವನ್ನು ಹಳಿಯುವವರಿಗೂ ಅದು ಒಗ್ಗುವುದಿಲ್ಲ, ಹೊಗಳುವವರಿಗೂ ನಡುನಡುವೆ ಚುಚ್ಚುತ್ತದೆ.

ತಂದೆ ಅನಂತಶಾಸ್ತ್ರಿಗಳು ಸಂಸ್ಕೃತದ ದೊಡ್ಡ ವಿದ್ವಾಂಸರು, ವೈಷ್ಣವ ಭಕ್ತರು. ತರುಣರಾಗಿದ್ದಾಗ ಪುಣೆಯಲ್ಲಿ ತಮ್ಮ ಗುರುಗಳು ಪೇಶ್ವೆಯ ಮನೆಯ ಹೆಂಗಸಿಗೆ ಸಂಸ್ಕೃತ ಕಲಿಸುತ್ತಿದ್ದುದನ್ನು ಕಂಡು, ತಮ್ಮ ಹೆಂಡತಿಗೂ ಕಲಿಸಬೇಕೆಂದು ಪಣತೊಟ್ಟವರು. ಹಾಗೆ ಪತ್ನಿ ಲಕ್ಷ್ಮೀಬಾಯಿಗೆ ಕಲಿಸಿದ್ದಕ್ಕೆ ಊರು ಆಕ್ಷೇಪಿಸಿತು. ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಹೆಣ್ಣಿಗೆ ವಿದ್ಯೆ ಕಲಿಸುವುದು ಶಾಸ್ತ್ರವಿರೋಧವಲ್ಲವೆಂದು ಅವರು ವಾದಿಸಬೇಕಾಯಿತು. ಆಮೇಲೆ ಕಾಡಿನಲ್ಲಿ ಮನೆ ಕಟ್ಟಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತ ಉಳಿದರು. ರಮಾ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ಗಂಗಾಮೂಲವನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ, ಘಟ್ಟ ಇಳಿಸಿದರಂತೆ. ಹುಟ್ಟಿದ ಊರನ್ನು ಪೆಟ್ಟಿಗೆಯೊಳಗಿಂದ ಬಿಟ್ಟ ಆ ಮಗು ಮುಂದೆ ಇಪ್ಪತ್ತು ವರ್ಷ ಎಲ್ಲಿಯೂ ನೆಲೆನಿಲ್ಲಲಿಲ್ಲ.

ಪಾಠ ಮಾತ್ರ ನಿಲ್ಲಲಿಲ್ಲ. ಹಗಲೆಲ್ಲ ಮನೆಗೆಲಸದಲ್ಲಿ ಮುಳುಗಿರುತ್ತಿದ್ದ ತಾಯಿ ಬೆಳಕು ಹರಿಯುವ ಮುನ್ನವೇ ಮಗಳನ್ನು ಮುದ್ದಿಸಿ ಎಬ್ಬಿಸಿ, ಹಕ್ಕಿಗಳು ಕೂಗುವ ಹೊತ್ತಿಗೆ ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಹಿರಿಯ ಮಗಳ ಬಾಲ್ಯವಿವಾಹ ಕೆಟ್ಟ ಅನುಭವವಾಗಿದ್ದರಿಂದ ಕಿರಿಯವಳಿಗೆ ಚಿಕ್ಕಂದಿನಲ್ಲಿ ಮದುವೆ ಮಾಡದೆ ಉಳಿಸಿದರು. ಹೀಗೆ ಹದಿನೈದು ದಾಟಿದರೂ ಅವಿವಾಹಿತೆಯಾಗಿ, ಭಾಗವತ, ಗೀತೆಗಳನ್ನು ಕಂಠಸ್ಥ ಮಾಡಿಕೊಂಡ ಒಬ್ಬ ಬ್ರಾಹ್ಮಣ ಹುಡುಗಿ ರೂಪುಗೊಂಡಳು. ಅಂದಿನ ಸಮಾಜದ ಯಾವ ಕೋಣೆಯಲ್ಲೂ ಅವಳಿಗೆ ಜಾಗವಿರಲಿಲ್ಲ.

ಈ ಸಂಸಾರ ಬದುಕುತ್ತಿದ್ದ ರೀತಿಯನ್ನು ಸ್ವಲ್ಪ ಗಮನಿಸಬೇಕು. ತೀರ್ಥಕ್ಷೇತ್ರದ ಗುಡಿಯಲ್ಲೋ ನದಿಯ ದಡದಲ್ಲೋ ಕುಳಿತು ಪುರಾಣ ಓದುವುದು, ಕೇಳಲು ಬಂದವರು ಇಟ್ಟುಹೋದ ಅಕ್ಕಿ, ಹಣ್ಣು, ಕಾಸುಗಳಲ್ಲಿ ಊಟಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ದಾನ ಮಾಡುವುದು. ಕೂಲಿ ಮಾಡಿ ಗೊತ್ತಿಲ್ಲ, ಭಿಕ್ಷೆ ಬೇಡಿ ಗೊತ್ತಿಲ್ಲ, ಲೌಕಿಕ ವಿದ್ಯೆಯನ್ನು ಬೇಕೆಂದೇ ಕಲಿತಿಲ್ಲ. 1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಿದ್ದಾಗ ಪುರಾಣ ಕೇಳುವವರಿಗೇ ಅನ್ನವಿಲ್ಲವಾಯಿತು, ಹೇಳುವವರಿಗೆ ಕೊಡುವವರು ಯಾರು? ಒಡವೆ ಮಾರಿದರು, ಪಾತ್ರೆ ಮಾರಿದರು, ದೇವರಿಗೆ ವ್ರತಗಳ ಮೇಲೆ ವ್ರತ ಹಿಡಿದರು. ಕೊನೆಗೆ ಕಾಡು ಸೇರಿ ಎಲೆಗಳನ್ನು ತಿಂದು ಜೀವ ಹಿಡಿದರು. ತಂದೆ ತೀರಿಕೊಂಡರು, ಕೆಲವು ವಾರಗಳಲ್ಲಿ ತಾಯಿಯೂ, ಬಳಿಕ ಅಕ್ಕನೂ ಹೋದರು.

ತಂದೆಯ ಕೊನೆಯ ಮಾತನ್ನು ರಮಾಬಾಯಿ ಹಲವು ದಶಕಗಳ ನಂತರ, ಕ್ರೈಸ್ತಳಾಗಿ ಬಹುಕಾಲ ಕಳೆದ ಮೇಲೆ, ಬರೆದಿಟ್ಟಿದ್ದಾರೆ. ಆಗಲೇ ಕಣ್ಣು ಕಾಣದಿದ್ದ ಆ ಮುದುಕ ಮಗಳನ್ನು ಬಿಗಿಯಾಗಿ ಅಪ್ಪಿ ಹಿಡಿದು, ನೀನು ನನ್ನ ಕಟ್ಟಕಡೆಯ ಮಗು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ನೀನು ಅವನವಳು, ಬದುಕಿರುವಷ್ಟು ಕಾಲ ಅವನೊಬ್ಬನ ಸೇವೆಯನ್ನೇ ಮಾಡಬೇಕು ಎಂಬರ್ಥದ ಮಾತನ್ನು ಹೇಳಿದರು. ಕ್ರೈಸ್ತ ನಂಬಿಕೆಯ ಒಳಗೆ ಬದುಕಿನ ಅರ್ಥದ ಪ್ರಶ್ನೆ ಕೇಳಿಸಿಕೊಳ್ಳುವ ರೀತಿ ಇದೇ ಎಂಬುದು ನನ್ನ ಇಂದಿನ ವಾದ. ‘ನಾನು ಯಾತಕ್ಕಾಗಿ ಬದುಕಿದ್ದೇನೆ’ ಎಂದು ನಾವು ಕೇಳುತ್ತೇವೆ. ‘ನೀನು ಯಾರಿಗೆ ಸೇರಿದವಳು’ ಎಂದು ನಂಬಿಕೆ ಮರುಪ್ರಶ್ನೆ ಹಾಕುತ್ತದೆ, ಮೊದಲನೆಯದಕ್ಕೆ ಉತ್ತರ ಎರಡನೆಯದರ ಬೆನ್ನಿಗೆ ಬರುತ್ತದೆ. ರಮಾಬಾಯಿಗೆ ಆ ಎರಡನೆಯ ಪ್ರಶ್ನೆಯನ್ನು ಕೊಟ್ಟವರು ಮಿಶನರಿಗಳಲ್ಲ, ಭಾಗವತ ಓದುವ ತಂದೆ. ನಮ್ಮ ಪೀಠಗಳಿಂದ ಅವರ ಕಥೆಯನ್ನು ಹೇಳುವಾಗ ಇದನ್ನು ನುಂಗಿಬಿಡುವ ರೂಢಿಯುಂಟು. ಆಕೆ ಮಾತ್ರ ನುಂಗಲಿಲ್ಲ.

ಅಲ್ಲಿಂದ ಅಣ್ಣ ಶ್ರೀನಿವಾಸ ಮತ್ತು ತಂಗಿ ಇಬ್ಬರೇ ನಡೆದರು. ನಾಲ್ಕು ಸಾವಿರ ಮೈಲಿಗೂ ಹೆಚ್ಚು ನಡೆದೆವೆಂದು ರಮಾಬಾಯಿ ಬರೆಯುತ್ತಾರೆ. ನೆನೆಸಿದ ಒಂದು ಹಿಡಿ ಕಾಳು, ಸ್ವಲ್ಪ ಉಪ್ಪು, ಅದೇ ಎಷ್ಟೋ ದಿನಗಳ ಊಟ. ಪಂಜಾಬಿನ ಝೇಲಂ ನದಿಯ ದಡದಲ್ಲಿ ಹೊದೆಯಲು ಏನೂ ಇಲ್ಲದೆ, ಚಳಿ ತಡೆಯಲಾಗದೆ, ಗೋರಿಯಂಥ ಎರಡು ಗುಂಡಿ ತೋಡಿ ಅದರಲ್ಲಿ ಮಲಗಿ, ತಲೆಯೊಂದನ್ನು ಬಿಟ್ಟು ಮೈಮೇಲೆಲ್ಲ ಮರಳು ಎಳೆದುಕೊಂಡು ರಾತ್ರಿ ಕಳೆದರು. ಇನ್ನೊಂದು ಕ್ಷೇತ್ರದಲ್ಲಿ ತೇಲುವ ಬೆಟ್ಟಗಳ ಕೆರೆ ಇದೆಯೆಂದು ಕೇಳಿ ಹೋದರು. ಪುಣ್ಯವಂತರು ಪ್ರಾರ್ಥಿಸಿದರೆ ಬೆಟ್ಟಗಳು ದಡಕ್ಕೆ ತೇಲಿಬರುತ್ತವೆ, ಪಾಪಿಗಳಿಗೆ ಬರುವುದಿಲ್ಲ. ಕೆರೆಯಲ್ಲಿ ಮೊಸಳೆಗಳಿವೆ, ಇಳಿಯಬೇಡಿ ಎಂದು ಪೂಜಾರಿಗಳು ಹೇಳಿದರು. ಬೆಟ್ಟ ಇವರ ಕಡೆಗೆ ಬರಲಿಲ್ಲ. ಮರುದಿನ ಯಾರೂ ಇಲ್ಲದ ಹೊತ್ತಿನಲ್ಲಿ ಅಣ್ಣ ಈಜಿಕೊಂಡು ಹೋಗಿ ನೋಡಿದರೆ, ತೆಪ್ಪದ ಮೇಲೆ ಕಲ್ಲು ಮಣ್ಣು ಪೇರಿಸಿ ಗಿಡ ನೆಟ್ಟು ಮಾಡಿದ ಬೆಟ್ಟಗಳವು. ಹಿಂದಿನಿಂದ ದೋಣಿಯಲ್ಲಿ ಕುಳಿತು ಅವನ್ನು ಸರಿಸುವವರಿದ್ದರು. ಈ ಪ್ರಸಂಗವನ್ನು ಹಿಂದೂ ಧರ್ಮದ ಮೇಲಿನ ಕಲ್ಲಾಗಿ ಬಳಸುವವರಿದ್ದಾರೆ. ನನಗೆ ಕಾಣುವುದು ಬೇರೆ: ದೇವರಿಗೂ ಮನುಷ್ಯನಿಗೂ ನಡುವೆ ದಳ್ಳಾಳಿ ಕೆಲಸ ಮಾಡುವವರ ಬಗ್ಗೆ ಈ ಹುಡುಗಿಗೆ ಅಂದು ಹುಟ್ಟಿದ ಅಪನಂಬಿಕೆ ಮುಂದೆ ಆಂಗ್ಲಿಕನ್ ಬಿಷಪರನ್ನೂ ಬಿಡಲಿಲ್ಲ.

1878ರಲ್ಲಿ ಅಣ್ಣ ತಂಗಿ ಕಲ್ಕತ್ತೆ ತಲುಪಿದರು. ಅಲ್ಲಿನ ವಿದ್ವಾಂಸರು ಪರೀಕ್ಷಿಸಿ, ಬೆರಗಾಗಿ, ‘ಪಂಡಿತಾ’ ಎಂದೂ ‘ಸರಸ್ವತಿ’ ಎಂದೂ ಬಿರುದು ಕೊಟ್ಟರು. ಆ ದಿನಗಳಲ್ಲೇ ಅವರು ಮೊದಲ ಬಾರಿಗೆ ಒಂದು ಕ್ರೈಸ್ತ ಕೂಟಕ್ಕೆ ಹೋದರು. ಚಹಾ ಬಿಸ್ಕತ್ತು ಇಟ್ಟರು, ಇವರು ಮುಟ್ಟಲಿಲ್ಲ. ಆಮೇಲೆ ಅಲ್ಲಿದ್ದವರೆಲ್ಲ ಕಣ್ಣು ಮುಚ್ಚಿ ಕುರ್ಚಿಗಳ ಮುಂದೆ ಮೊಣಕಾಲೂರಿದರು. ಮುಂದೆ ಯಾವ ಮೂರ್ತಿಯೂ ಇಲ್ಲ. ಈ ಜನ ಕುರ್ಚಿಗಳನ್ನೇ ಪೂಜಿಸುತ್ತಿದ್ದಾರೆಂದು ಅಣ್ಣ ತಂಗಿಗೆ ಅನಿಸಿತು. ನಮ್ಮ ಆರಾಧನೆ ಹೊರಗಿನವರಿಗೆ ಹೇಗೆ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವರದಿ ನನಗೆ ಸಿಕ್ಕಿಲ್ಲ. ಅಂದು ಉಡುಗೊರೆಯಾಗಿ ಸಿಕ್ಕಿದ ಸಂಸ್ಕೃತ ಬೈಬಲ್ಲಿನ ಭಾಷೆ ತಾವು ಕಲಿತ ಸಂಸ್ಕೃತದಂತಿರಲಿಲ್ಲ, ಹಾಗಾಗಿ ಓದಲಿಲ್ಲ.

ಕಲ್ಕತ್ತೆಯಲ್ಲಿ ಹೆಂಗಸರಿಗೆ ಉಪನ್ಯಾಸ ಕೊಡುವುದಕ್ಕಾಗಿ ಧರ್ಮಶಾಸ್ತ್ರಗಳನ್ನು ಹೊಸದಾಗಿ ಓದಿದರು. ನೂರು ವಿಷಯಗಳಲ್ಲಿ ಪರಸ್ಪರ ವಿರೋಧಿಸುವ ಆ ಗ್ರಂಥಗಳು ಒಂದು ವಿಷಯದಲ್ಲಿ ಒಮ್ಮತ ಹೊಂದಿದ್ದುದನ್ನು ಕಂಡೆ ಎಂದು ಅವರು ಬರೆಯುತ್ತಾರೆ: ಹೆಣ್ಣು ಸ್ವಭಾವತಃ ಕೀಳು, ಗಂಡಿಗಿರುವ ಮೋಕ್ಷದ ಹಾದಿ ಅವಳಿಗಿಲ್ಲ, ಗಂಡನ ಸೇವೆಯೇ ಅವಳ ಗತಿ. ಇದು ಶಾಸ್ತ್ರಗಳ ಬಗ್ಗೆ ಕೊನೆಯ ಮಾತೇನೂ ಅಲ್ಲ, ಬೇರೆ ಓದುಗಳೂ ಇವೆ. ಆದರೆ ಆ ಗ್ರಂಥಗಳನ್ನು ಮೂಲದಲ್ಲಿ ಓದಬಲ್ಲ ಹೆಣ್ಣೊಬ್ಬಳು ತಲುಪಿದ ತೀರ್ಮಾನ ಇದು. ತಂದೆ ‘ನೀನು ದೇವರವಳು’ ಎಂದಿದ್ದರು. ‘ನೇರವಾಗಿ ಹಾಗಾಗಲು ನಿನಗೆ ಅಧಿಕಾರವಿಲ್ಲ’ ಎಂದು ಗ್ರಂಥ ಹೇಳುತ್ತಿದೆ. ಈ ಎರಡರ ನಡುವೆ ಅವರು ಸಿಕ್ಕಿಕೊಂಡರು.

ಅಷ್ಟರಲ್ಲಿ ಸಾವು ಮತ್ತೆ ಬಂತು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಅಣ್ಣನ ಗೆಳೆಯ, ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯನ್ನು ನೋಂದಣಿ ಮದುವೆಯಾದರು. ವರ ಬ್ರಾಹ್ಮಣನಲ್ಲ, ಇಬ್ಬರಿಗೂ ಹಳೆಯ ಆಚಾರಗಳಲ್ಲಿ ನಂಬಿಕೆ ಉಳಿದಿರಲಿಲ್ಲ. ಸಿಲ್ಚಾರಿನ ಮನೆಯ ಪುಸ್ತಕಗಳ ನಡುವೆ ಒಂದು ದಿನ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಕೈಗೆ ಸಿಕ್ಕಿತು. ಓದಿದರು, ಮನಸ್ಸು ಅಲುಗಿತು. ಮಿಶನ್ ಶಾಲೆಯಲ್ಲಿ ಓದಿದ್ದ ಗಂಡನಿಗೆ ಹೆಂಡತಿ ಕ್ರೈಸ್ತಳಾಗುವುದು ಇಷ್ಟವಿರಲಿಲ್ಲ. 1882ರ ಆರಂಭದಲ್ಲಿ ಕಾಲರಾ ಗಂಡನನ್ನೂ ಒಯ್ದಿತು. ಇಪ್ಪತ್ತಮೂರರ ವಿಧವೆ, ಮಡಿಲಲ್ಲಿ ಮನೋರಮಾ ಎಂಬ ಹಸುಗೂಸು. ಅಪ್ಪ, ಅಮ್ಮ, ಅಕ್ಕ, ಅಣ್ಣ, ಗಂಡ ಎಲ್ಲರೂ ಹೋದ ಮೇಲೆ ‘ನಾನು ಯಾರವಳು’ ಎಂಬುದು ತತ್ತ್ವದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದ್ದು, ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳ ವಿದ್ಯೆಯ ಪರವಾಗಿ ಸಾಕ್ಷ್ಯ ನುಡಿದದ್ದು ಎಲ್ಲ ಸಾರ್ವಜನಿಕ ಇತಿಹಾಸ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. 1883ರಲ್ಲಿ ವೈದ್ಯಕೀಯ ಕಲಿಯಬೇಕೆಂದು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದುದರಿಂದ ಅದು ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಕನ್ಯಾಸ್ತ್ರೀಯರ ಮಠದಲ್ಲಿ ಉಳಿದುಕೊಂಡಿದ್ದಾಗ, ಅದೇ ವರ್ಷ ಸೆಪ್ಟೆಂಬರ್ 29ರಂದು, ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಅದಕ್ಕೆ ಸ್ವಲ್ಪ ಮೊದಲು, ಜೊತೆಯಲ್ಲಿ ಬಂದಿದ್ದ ಗೆಳತಿಯೊಬ್ಬಳು ದಾರುಣವಾಗಿ ತನ್ನ ಜೀವ ತೆಗೆದುಕೊಂಡಿದ್ದಳು. ಆ ಆಘಾತದಲ್ಲಿ, ಪರದೇಶದಲ್ಲಿ, ಉಣ್ಣಿಸುವವರ ಮನೆಯಲ್ಲಿ ಕುಳಿತು ತೆಗೆದುಕೊಂಡ ನಿರ್ಧಾರವನ್ನು ಸ್ವತಂತ್ರ ಆಯ್ಕೆ ಎನ್ನಬಹುದೇ ಎಂದು ಅಂದೂ ಕೇಳಿದರು, ಇಂದೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಒಳ್ಳೆಯ ಉತ್ತರ ದೀಕ್ಷಾಸ್ನಾನದ ದಿನದಲ್ಲಿಲ್ಲ, ಆಮೇಲಿನ ವರ್ಷಗಳಲ್ಲಿದೆ ಎಂದು ನನಗನಿಸುತ್ತದೆ. ಒತ್ತಾಯಕ್ಕೋ ಋಣಕ್ಕೋ ಮಣಿದವರು ಮಣಿದೇ ಇರುತ್ತಾರೆ, ಈಕೆ ಮಣಿಯಲಿಲ್ಲ.

ಅವರ ಮನಸ್ಸನ್ನು ತಿರುಗಿಸಿದ್ದು ಏನು? ಇಬ್ಬರು ಮೂವರ ಪಾಲಿದೆ. ಕಾಶಿಯ ಪಾಂಡಿತ್ಯದಿಂದ ಕ್ರೈಸ್ತ ನಂಬಿಕೆಗೆ ಬಂದಿದ್ದ ನೆಹೆಮಿಯಾ ಗೋರೆ ಎಂಬ ಮಹಾರಾಷ್ಟ್ರದ ಪಾದ್ರಿ ಬರೆದ ಪತ್ರ ಅವರ ಬುದ್ಧಿಯ ತೊಡಕುಗಳನ್ನು ಬಿಡಿಸಿತು. ಆದರೆ ಹೃದಯ ಕದಲಿದ್ದು ಲಂಡನ್ನಿನ ಫುಲ್‌ಹ್ಯಾಮಿನಲ್ಲಿ. ಆ ಕನ್ಯಾಸ್ತ್ರೀಯರು ಅಲ್ಲಿ, ಸಮಾಜ ‘ಕೆಟ್ಟವರು’ ಎಂದು ಹೊರಹಾಕಿದ ಹೆಂಗಸರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಅಂಥವರ ಮೇಲೆ ಕರುಣೆ ತೋರಬೇಕೆಂದು ತಮ್ಮ ಜೀವಮಾನದಲ್ಲಿ ಯಾರೂ ಹೇಳಿದ್ದನ್ನು ರಮಾಬಾಯಿ ಕೇಳಿರಲಿಲ್ಲ. ಶಿಕ್ಷೆಯ ಮಾತನ್ನಷ್ಟೇ ಓದಿದ್ದರು. ನೀವು ಇದನ್ನೆಲ್ಲ ಯಾಕೆ ಮಾಡುತ್ತೀರಿ ಎಂದು ಕೇಳಿದಾಗ, ಉತ್ತರವಾಗಿ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿ ಹೇಳಿದರು.

ಆ ಅಧ್ಯಾಯದ ಬಳಿ ಸ್ವಲ್ಪ ನಿಲ್ಲೋಣ. ಸಮಾರ್ಯ ಸೀಮೆ, ಯಾಕೋಬನ ಬಾವಿ, ನಡುಮಧ್ಯಾಹ್ನ. ದಣಿದ ಯೇಸು ಬಾವಿಯ ಬಳಿ ಕುಳಿತಿದ್ದಾರೆ. ಹೆಂಗಸೊಬ್ಬಳು ಒಂಟಿಯಾಗಿ ನೀರು ಸೇದಲು ಬರುತ್ತಾಳೆ. ಯೆಹೂದ್ಯರು ಸಮಾರ್ಯದವರೊಂದಿಗೆ ಹೊಕ್ಕು ಬಳಕೆ ಇಟ್ಟುಕೊಳ್ಳುವುದಿಲ್ಲ; ಆದರೂ ‘ಕುಡಿಯಲು ನೀರು ಕೊಡಮ್ಮ’ ಎಂದು ಅವರೇ ಕೇಳುತ್ತಾರೆ. ಬ್ರಾಹ್ಮಣ ಮನೆಯಲ್ಲಿ ಬೆಳೆದು, ಯಾರ ಕೈಯ ನೀರು ಮುಟ್ಟಬಹುದು, ಯಾರದ್ದು ಕೂಡದು ಎಂಬ ಲೆಕ್ಕದಲ್ಲೇ ದೇಶ ಸುತ್ತಿದ ರಮಾಬಾಯಿಗೆ ಈ ಒಂದು ವಾಕ್ಯಕ್ಕೆ ಯಾವ ಟಿಪ್ಪಣಿಯೂ ಬೇಕಿರಲಿಲ್ಲ. ಮಾತು ಮುಂದುವರಿಯುತ್ತದೆ. ಅವಳಿಗೆ ಐವರು ಗಂಡಂದಿರಿದ್ದರು, ಈಗಿರುವವನು ಗಂಡನಲ್ಲ. ಯೇಸು ಅದನ್ನು ಹೇಳುತ್ತಾರೆ, ಆದರೆ ಆ ಕಾರಣಕ್ಕೆ ಮಾತು ನಿಲ್ಲಿಸುವುದಿಲ್ಲ. ಆಗ ಅವಳು ಕ್ಷೇತ್ರದ ಪ್ರಶ್ನೆ ಎತ್ತುತ್ತಾಳೆ: ನಮ್ಮ ಹಿರಿಯರು ಈ ಬೆಟ್ಟದಲ್ಲಿ ಪೂಜಿಸಿದರು, ನೀವು ಯೆರೂಸಲೇಮಿನಲ್ಲೇ ಆಗಬೇಕು ಎನ್ನುತ್ತೀರಿ, ಯಾವುದು ಸರಿ? ಬೆಟ್ಟವೂ ಅಲ್ಲ, ಯೆರೂಸಲೇಮೂ ಅಲ್ಲ, ಆತ್ಮದಿಂದಲೂ ಸತ್ಯದಿಂದಲೂ ತಂದೆಯನ್ನು ಆರಾಧಿಸುವ ಕಾಲ ಬಂದಿದೆ ಎನ್ನುತ್ತಾರೆ ಯೇಸು. ಈ ಅಧ್ಯಾಯದಲ್ಲಿ ತಮಗೆ ಕಂಡದ್ದು ಪಾಪಿಗಳ ಮೇಲಿನ ಅಪಾರ ಪ್ರೀತಿ ಎಂದು ರಮಾಬಾಯಿ ಬರೆದಿದ್ದಾರೆ. ಬೆಟ್ಟದ ಮಾತಿನ ಬಗ್ಗೆ ನಾನು ಹೇಳುತ್ತಿರುವುದು ನನ್ನ ಓದು: ತೇಲುವ ಬೆಟ್ಟ ಪಾಪಿಯೆಂದು ಹತ್ತಿರ ಬಾರದೆ ನಿಂತದ್ದನ್ನು ಕಂಡ, ತೀರ್ಥದಿಂದ ತೀರ್ಥಕ್ಕೆ ಕಾಲು ಸವೆಸಿದ ಹುಡುಗಿಗೆ, ದೇವರೇ ಬಾವಿಯ ಬಳಿಗೆ ಬಂದು ಕುಳಿತು ಕಾಯುತ್ತಾನೆಂಬ ಕಥೆ ಎಷ್ಟು ದೂರದ ದಣಿವನ್ನು ಇಳಿಸಿರಬೇಕು! ಆ ಅಧ್ಯಾಯದಲ್ಲಿ ಇನ್ನೂ ಒಂದು ಸಣ್ಣ ವಿವರವಿದೆ. ಹೆಂಗಸು ನೀರಿನ ಕೊಡವನ್ನು ಅಲ್ಲೇ ಬಿಟ್ಟು ಊರೊಳಗೆ ಓಡುತ್ತಾಳೆ. ‘ನಿನ್ನ ಬದುಕಿನ ಉದ್ದೇಶ ಇದು’ ಎಂದು ಯೇಸು ಅವಳಿಗೆ ಹೇಳಿರಲಿಲ್ಲ. ತನ್ನನ್ನು ಪೂರ್ತಿ ಬಲ್ಲವನೊಬ್ಬ ತನ್ನನ್ನು ದೂರ ತಳ್ಳಲಿಲ್ಲ ಎಂಬುದು ತಿಳಿಯಿತು, ಕೆಲಸ ತಾನಾಗಿ ಹುಟ್ಟಿತು.

ಇಲ್ಲಿಗೆ ಹುಡುಕಾಟ ಮುಗಿಯಿತೆಂದು ಅನೇಕರು ಕಥೆಗೆ ಮಂಗಳ ಹಾಡುತ್ತಾರೆ. ನನ್ನ ಮಟ್ಟಿಗೆ ಕಥೆ ಗಟ್ಟಿಯಾಗುವುದು ಇಲ್ಲಿಂದ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಕಲಿಯುತ್ತ, ಸಂಸ್ಕೃತ ಕಲಿಸುತ್ತ ಇದ್ದ ವರ್ಷಗಳಲ್ಲಿ, ತಮ್ಮನ್ನು ದೀಕ್ಷಾಸ್ನಾನಕ್ಕೆ ಸಿದ್ಧಗೊಳಿಸಿದ ಸಿಸ್ಟರ್ ಜೆರಾಲ್ಡೀನ್ ಅವರೊಂದಿಗೆ ರಮಾಬಾಯಿ ನಡೆಸಿದ ಪತ್ರಯುದ್ಧ ಓದಲು ರೋಮಾಂಚಕವಾಗಿದೆ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿಯೇಕತ್ವದ ಬಗ್ಗೆ ಸಂಶಯ, ಪವಾಡಗಳ ಬಗ್ಗೆ ಸಂಶಯ, ಪಂಥಗಳ ಗದ್ದಲದ ಬಗ್ಗೆ ಬೇಸರ. ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ನಮ್ಮ ಸಂಸ್ಕೃತಕ್ಕೇನು ಕಡಿಮೆ ಎಂದು ಕೇಳಿದರು. ಗಂಡಸರಿಗೆ ಪಾಠ ಹೇಳಬಾರದೆಂದು ಬಿಷಪರು ತಡೆದಾಗ, ನನ್ನ ತಂದೆಯೂ ಗಂಡನೂ ಹಾಕದ ಅಡ್ಡಿಯನ್ನು ನೀವು ಹಾಕುತ್ತಿದ್ದೀರಲ್ಲ ಎಂದು ತಿರುಗಿ ನಿಂತರು. ಭಾರತದ ಪುರೋಹಿತರ ನೊಗವನ್ನು ಕಷ್ಟಪಟ್ಟು ಕಳಚಿಕೊಂಡವಳು ಅಂಥದೇ ಇನ್ನೊಂದು ನೊಗಕ್ಕೆ ಹೆಗಲು ಕೊಡಲಾರೆ ಎಂಬುದು ಆ ಪತ್ರಗಳ ಒಟ್ಟು ಧ್ವನಿ. ಬಿಳಿ ಸೀರೆ ಬಿಡಲಿಲ್ಲ, ಮಾಂಸ ಮುಟ್ಟಲಿಲ್ಲ. ‘ವಿನಯವಿಲ್ಲ’ ಎಂಬ ದೂರು ಬಂತು. ನಂಬಿಕೆಯೆಂದರೆ ಪ್ರಶ್ನೆಗಳನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಬರುವುದು ಎಂದು ತಿಳಿದಿರುವ ನಮ್ಮ ಸಭಾಹಿರಿಯರಿಗೆ ಈ ಪತ್ರಗಳನ್ನು ಓದಲು ಕೊಡಬೇಕು.

ಇದರ ನಂತರವೂ ಒಂದು ತಿರುವಿದೆ. ದೀಕ್ಷಾಸ್ನಾನವಾಗಿ ಎಂಟು ವರ್ಷಗಳ ಮೇಲೆ, ಅಂದರೆ 1891ರ ಸುಮಾರಿಗೆ, ತಮಗೆ ಕ್ರೈಸ್ತ ಧರ್ಮ ಸಿಕ್ಕಿದೆಯೇ ಹೊರತು ಅದರ ಜೀವವಾದ ಕ್ರಿಸ್ತ ಸಿಕ್ಕಿಲ್ಲ ಎಂಬ ಅರಿವು ಅವರನ್ನು ಕಾಡಿತು. ಆ ಹೊತ್ತಿಗಾಗಲೇ ಅವರು ಅಮೆರಿಕದಲ್ಲಿ ಹೆಸರು ಮಾಡಿ, ನಿಧಿ ಕೂಡಿಸಿ, ಮುಂಬಯಿಯಲ್ಲಿ ಶಾಲೆ ತೆರೆದು ಯಶಸ್ವಿಯಾಗಿದ್ದವರು. ನಮ್ಮ ಕಾಲದ ಭಾಷೆಯಲ್ಲಿ ಹೇಳುವುದಾದರೆ ಅವರ ಬದುಕಿಗೆ ‘ಗುರಿ’ ಇತ್ತು, ಆ ಗುರಿ ಈಡೇರುತ್ತಲೂ ಇತ್ತು. ಆದರೂ ಒಳಗೆ ಕೊರೆಯುತ್ತಿತ್ತು. ಇದು ಗಮನಿಸಬೇಕಾದ ಸಂಗತಿ. ಗುರಿಯಿಲ್ಲದೆ ಒದ್ದಾಡುವವರ ಬಗ್ಗೆ ನಾವು ಮಾತಾಡುತ್ತೇವೆ. ಒಳ್ಳೆಯ ಗುರಿ ಇದ್ದೂ, ಅದಕ್ಕಾಗಿ ಹಗಲಿರುಳು ದುಡಿದೂ, ತಾನು ಯಾರವಳೆಂದು ತಿಳಿಯದೆ ಬರಿದಾದವರ ಬಗ್ಗೆ ಮಾತಾಡುವುದಿಲ್ಲ. ಬೈಬಲ್ಲಿನ ಪ್ರಸಂಗಿ ಗ್ರಂಥವನ್ನು ಬರೆದವನು ಇಂಥವನೇ. ಮನೆ ಕಟ್ಟಿಸಿದ, ತೋಟ ಹಾಕಿಸಿದ, ಜ್ಞಾನ ಸಂಪಾದಿಸಿದ, ಎಲ್ಲ ಮುಗಿದ ಮೇಲೆ ‘ವ್ಯರ್ಥವೇ ವ್ಯರ್ಥ, ಸಮಸ್ತವೂ ವ್ಯರ್ಥ’ ಎಂದ. ಈ ಗ್ರಂಥವನ್ನು ಯೆಹೂದ್ಯರೂ ಕ್ರೈಸ್ತರೂ ಪವಿತ್ರ ಗ್ರಂಥದಿಂದ ತೆಗೆದುಹಾಕದೆ ಉಳಿಸಿಕೊಂಡಿರುವುದು ದೊಡ್ಡ ಪ್ರಾಮಾಣಿಕತೆ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲ ಹೇಳುವ ಮಾತು, ನೀವು ನಿಮ್ಮ ಸ್ವಂತ ಸೊತ್ತಲ್ಲ ಎಂಬುದು, ಪ್ರಸಂಗಿಯ ಆ ಬೇಸರಕ್ಕೆ ಎದುರಾಗಿ ಇಟ್ಟು ಓದಬೇಕಾದ ಮಾತು. ನಾನು ನನ್ನದೇ ಸೊತ್ತಾಗಿದ್ದರೆ ನನ್ನ ಬದುಕಿನ ಅರ್ಥವನ್ನು ನಾನೇ ದುಡಿದು ಸಂಪಾದಿಸಬೇಕು, ಸೋತ ದಿನ ಅರ್ಥವೂ ಸೋಲುತ್ತದೆ. ಇನ್ನೊಬ್ಬನಿಗೆ, ಅದೂ ನನ್ನನ್ನು ಪ್ರೀತಿಸುವವನಿಗೆ, ಸೇರಿದವನಾಗಿದ್ದರೆ ಸೋತ ದಿನವೂ ನನಗೆ ಬೆಲೆಯಿದೆ.

ಇದನ್ನು ಹೇಳುವಾಗ ಒಂದು ಎಚ್ಚರ ಬೇಕು. ‘ದೇವರು ನಿಮ್ಮ ಬದುಕಿಗೆ ಒಂದು ಯೋಜನೆ ಇಟ್ಟಿದ್ದಾನೆ’ ಎಂಬ ಮಾತನ್ನು ನಮ್ಮ ಪ್ರಸಂಗಗಳಲ್ಲಿ ಬಹಳ ಸುಲಭವಾಗಿ ಹೇಳುತ್ತೇವೆ. ಮಗುವನ್ನು ಕಳೆದುಕೊಂಡ ತಾಯಿಯ ಮನೆಯಲ್ಲಿ ಕುಳಿತೂ ಹೇಳುತ್ತೇವೆ. ತಂದೆ ತಾಯಿ ಹಸಿವಿನಿಂದ ಸತ್ತದ್ದು ದೇವರ ಯಾವ ಯೋಜನೆಗಾಗಿ ಎಂದು ಅಚ್ಚುಕಟ್ಟಾದ ಕಾರಣವೊಂದನ್ನು ಕಟ್ಟಿ ಆ ಸಾವನ್ನು ಹಗುರ ಮಾಡುವುದು ರಮಾಬಾಯಿಯವರ ದಾರಿಯಾಗಿರಲಿಲ್ಲ.

ಅವರು ಮಾಡಿದ್ದು ಬೇರೆ. 1896–97ರಲ್ಲಿ ಮಧ್ಯ ಪ್ರಾಂತಗಳಲ್ಲಿ ಮತ್ತೆ ಬರ ಬಿತ್ತು. ತಮ್ಮ ಎಳವೆಯ ಹಸಿವು ನೆನಪಾಗಿ ಸುಮ್ಮನೆ ಕೂರಲಾಗದೆ ಅವರು ಅಲ್ಲಿಗೆ ಹೊರಟರು. ಬರ ಪರಿಹಾರದ ಶಿಬಿರಗಳನ್ನೂ ಬಡವರ ಮನೆಗಳನ್ನೂ ಒಳಹೊಕ್ಕು ನೋಡಿದರು. ಮೂಳೆ ಚಕ್ಕಳವಾದ ಹುಡುಗಿಯರು, ಅವರ ಅಸಹಾಯಕತೆಯನ್ನು ಬಳಸಿಕೊಳ್ಳುವ ಮೇಲ್ವಿಚಾರಕರು, ಎಳೆಯ ವಿಧವೆಯರನ್ನು ಪುಸಲಾಯಿಸಲು ಕಾದು ನಿಂತ ದಳ್ಳಾಳಿಗಳು. ಕಂಡದ್ದನ್ನೆಲ್ಲ ಬರೆದು ಪ್ರಕಟಿಸಿದರು. ಸುಮಾರು 300 ಮಂದಿ ಹೆಣ್ಣುಮಕ್ಕಳನ್ನು ಪುಣೆಯ ಕಡೆಗೆ ಕರೆತಂದರು. ಪುಣೆಯಿಂದ ಸುಮಾರು 55 ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ ಜಮೀನಿನಲ್ಲಿ ‘ಮುಕ್ತಿ’ ಎಂಬ ಅವರ ಆಶ್ರಯಧಾಮ ಬೆಳೆದದ್ದು ಹೀಗೆ. 1900ರ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ ಸಾವಿರ ದಾಟಿತ್ತು. ಬಾವಿ ತೋಡಿಸಿದರು, ಮಗ್ಗ ಹಾಕಿಸಿದರು, ಎಣ್ಣೆ ಗಾಣ, ಹೈನು, ತರಕಾರಿ ಹೊಲ, ಮುದ್ರಣಾಲಯ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡರಿಗೆ ಮನೋರಮಾ ಬ್ರೈಲ್ ಕಲಿಸಿದಳು. ಕೂಲಿ ಮಾಡುವುದು ಅವಮಾನವೆಂದು ನಂಬಿ ಉಪವಾಸ ಬಿದ್ದ ಸಂಸಾರದಲ್ಲಿ ಬದುಕುಳಿದವಳು ಸಾವಿರ ಹೆಂಗಸರ ಕೈಗೆ ಕಸುಬು ಕೊಟ್ಟಳು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ತೆರೆದ ಆ ಶಾಲೆ, ಶಾರದಾ ಸದನ, ಮತನಿರಪೇಕ್ಷವಾಗಿರುತ್ತದೆಂದು ಮಾತು ಕೊಟ್ಟಿದ್ದರು; ಮರುವರ್ಷ ಅದು ಪುಣೆಗೆ ಬಂತು. ರಾನಡೆ, ಭಂಡಾರ್ಕರ್ ಅವರಂಥ ಸುಧಾರಕರು ಸಲಹಾ ಸಮಿತಿಯಲ್ಲಿದ್ದರು. ಅಲ್ಲಿನ ವಿದ್ಯಾರ್ಥಿನಿ, ಬಾಲವಿಧವೆ ಗೋದೂಬಾಯಿಯೇ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದವರು. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥಿಸುವಾಗ ಬಾಗಿಲು ಹಾಕುತ್ತಿರಲಿಲ್ಲ. ಬೇಕೆಂದ ಹುಡುಗಿಯರು ಬಂದು ಕುಳಿತರು. ಬಾಗಿಲು ಹಾಕಿ ಎಂದರು ಪುಣೆಯ ಜನ. ಯಾರನ್ನೂ ಕರೆಯುವುದಿಲ್ಲ, ಬಂದವರನ್ನು ತಳ್ಳುವುದೂ ಇಲ್ಲ ಎಂದರು ಇವರು. ತಿಲಕರ ‘ಕೇಸರಿ’ ಕಟುವಾಗಿ ಬರೆಯಿತು, 1893ರಲ್ಲಿ ಸಮಿತಿ ರಾಜೀನಾಮೆ ಕೊಟ್ಟಿತು, ಪೋಷಕರು ಹುಡುಗಿಯರನ್ನು ಕರೆದೊಯ್ದರು. ಅದಕ್ಕೂ ಮೊದಲು ಜ್ಯೋತಿಬಾ ಫುಲೆಯವರು ರಮಾಬಾಯಿಯ ಮತಾಂತರವನ್ನು ಸಮರ್ಥಿಸಿ ಬರೆದಿದ್ದರು, ಆದರೆ ಪುಣೆಯ ಉಚ್ಚವರ್ಗದ ಸಮಾಜದೊಳಗೆ ಆಕೆಗಿದ್ದ ಜಾಗ ಮುಚ್ಚಿಹೋಯಿತು. ಸುಧಾರಕರ ಸಿಟ್ಟಿನಲ್ಲಿ ನ್ಯಾಯವಿರಲಿಲ್ಲವೇ? ಇತ್ತು. ಬಾಗಿಲು ತೆರೆದಿಟ್ಟವಳು ಅನ್ನ ಕೊಡುವವಳೂ ಆಗಿದ್ದಾಗ ಆ ಬಾಗಿಲಿಗೆ ಒಂದು ಸೆಳೆತ ತಾನಾಗಿ ಬರುತ್ತದೆ. ಮುಕ್ತಿಯಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಯಿತು: ಹಸಿವಿನಿಂದ ಎತ್ತಿ ತಂದ ಮಕ್ಕಳು ಕ್ರೈಸ್ತರಾದಾಗ, 1905ರಲ್ಲಿ ಅಲ್ಲಿ ಉಜ್ಜೀವನದ, ಅಂದರೆ ಭಕ್ತಿಯ ಹೊಸ ಆವೇಶದ, ಅಲೆ ಎದ್ದು ನೂರಾರು ಹುಡುಗಿಯರು ಅಳುತ್ತ ಪ್ರಾರ್ಥಿಸಿದಾಗ, ಅದು ಎಷ್ಟರ ಮಟ್ಟಿಗೆ ಅವರದೇ ಹುಡುಕಾಟ? ತನಗಾಗಿ ಇಪ್ಪತ್ತು ವರ್ಷ ಹುಡುಕಾಡಿದವಳು ತನ್ನ ಮಕ್ಕಳಿಗೆ ಹುಡುಕಾಡಲು ಎಷ್ಟು ಬಿಡುವು ಕೊಟ್ಟಳು? ರಮಾಬಾಯಿಯನ್ನು ಪ್ರೀತಿಸುವ ನಾನು ಈ ಪ್ರಶ್ನೆಯನ್ನು ತಳ್ಳಿಹಾಕಲಾರೆ.

ಅವರ ಕೊನೆಯ ದೊಡ್ಡ ಕೆಲಸವನ್ನು ನಾನು ಈ ಪ್ರಶ್ನೆಯ ಬೆಳಕಿನಲ್ಲೇ ನೋಡುತ್ತೇನೆ. ಆಗ ಮರಾಠಿ ಬೈಬಲ್ ಇತ್ತು, ಆದರೆ ಅದರ ಸಂಸ್ಕೃತಭರಿತ ಭಾಷೆ ಹಳ್ಳಿಯ ಹೆಂಗಸರಿಗೆ ಎಟುಕುತ್ತಿರಲಿಲ್ಲ. ಸಂಸ್ಕೃತ ಪಾಂಡಿತ್ಯಕ್ಕಾಗಿಯೇ ಬಿರುದು ಪಡೆದ ಈಕೆ ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಕಲಿತು, ಇಡೀ ಬೈಬಲ್ಲನ್ನು ಮೂಲದಿಂದ ಆಡುನುಡಿಯ ಮರಾಠಿಗೆ ತಂದರು. ಅಚ್ಚುಮೊಳೆ ಜೋಡಿಸಿದವರು, ಮುದ್ರಿಸಿದವರು, ಕರಡು ತಿದ್ದಿದವರು ಮುಕ್ತಿಯ ಹೆಂಗಸರು. ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆಯಲು ದುಡಿದ ಮಗಳು ಮನೋರಮಾ 1921ರ ಜುಲೈನಲ್ಲಿ ತೀರಿಕೊಂಡಳು. ತಾಯಿ ಕರಡು ತಿದ್ದುವುದನ್ನು ಮುಂದುವರಿಸಿ, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು. ಸಂಪೂರ್ಣ ಗ್ರಂಥ ಹೊರಬಂದದ್ದು 1924ರಲ್ಲಿ. ಯಾವ ಪುರೋಹಿತನೂ, ಯಾವ ಬಿಷಪನೂ, ಸ್ವತಃ ರಮಾಬಾಯಿಯೂ ನಡುವೆ ನಿಲ್ಲದೆ ಅಕ್ಷರ ಬಲ್ಲ ಯಾವ ಹೆಂಗಸಾದರೂ ಓದಿ, ಒಪ್ಪಬಹುದಾದ ಅಥವಾ ಮುಚ್ಚಿಡಬಹುದಾದ ಪುಸ್ತಕ ಅದು. ಮುಕ್ತಿಯ ಮಕ್ಕಳಿಗೆ ಅವರು ಕೊಟ್ಟ ಬಿಡುವು ಇದೇ ಇರಬಹುದೆಂದು ನಾನು ವಾದಿಸುತ್ತೇನೆ. ಸಭೆಯಲ್ಲಿ ಇದನ್ನು ಒಪ್ಪದವರಿದ್ದಾರೆಂದು ಬಲ್ಲೆ. ಉಳಿದ ಸಮಯವನ್ನು ಅವರಿಗೆ ಬಿಟ್ಟುಕೊಡುತ್ತೇನೆ.